ಪಾಠ ಮನ್ಯಾಗ, ಲೆಕ್ಕ ಸಾಲ್ಯಾಗ: ಫ್ಲಿಪ್ಡ್ ಕ್ಲಾಸ್ ನಮ್ಮ ಕಡೆ ಹೈಸ್ಕೂಲಿಗೆ ಒಗ್ಗತೈತೇನ್ರಿ?

ಮುಳಗುಂದನಾಕಾ
ಎಲ್ಲಾರಿಗೂ ನಮಸ್ಕಾರ್ರಿ. ಗದಗ ತಾಲ್ಲೂಕಿನ ಹೈಸ್ಕೂಲು, 10ನೇ ತರಗತಿ ವಿಜ್ಞಾನ, 58 ಮಕ್ಕಳು, 40 ನಿಮಿಷದ ಪಿರಿಯಡ್. ದಸರಾ ರಜೆ ಮುಗಿದ ಮ್ಯಾಲೆ ವಿದ್ಯುತ್ ಅಧ್ಯಾಯ ಫ್ಲಿಪ್ ಮಾಡಿ ನಡಸಬೇಕಂತ ಐತಿ. ವಿವರಣೆ ಎಲ್ಲಾ ವಿಡಿಯೋದಾಗ, ಅದನ್ನ ಮನ್ಯಾಗ ನೋಡ್ಕೊಂಡು ಬರೂದು. ಕ್ಲಾಸಿನ್ಯಾಗ ಪ್ರಯೋಗ, ಲೆಕ್ಕ, ಚರ್ಚೆ.

ಅರ್ಧಕ್ಕರ್ಧ ಮಕ್ಕಳು ನೋಡದ ಬಂದ್ರ ಏನ್ ಮಾಡೂದು? ಮೂರು ಮೂರು ಮಂದಿ ಕೂಡೂ ಬೆಂಚು, ಸರಿಸಾಕ ಜಾಗ ಇಲ್ಲ, ಗುಂಪು ಹೆಂಗ ಮಾಡೂದು? ವಿಡಿಯೋ ಎಷ್ಟು ಉದ್ದ ಇರಬೇಕು? ಮಾಡಿ ಗೊತ್ತಿದ್ದವರು ಹೇಳ್ರಿ. ಮಕ್ಕಳ ಕೇಂದ್ರಿತ ಶಿಕ್ಷಣ ಯಾಕ ಬೇಕು ಅನ್ನೂ ಭಾಷಣ ತರಬೇತ್ಯಾಗ ಸಾಕಷ್ಟು ಕೇಳಾಗೇತಿ, ಅದನ್ನ ಬಿಟ್ಟು ಹೇಳ್ರಿ.

ಹಿಂದಿನಬೆಂಚು
ನೋಡಂಗಿಲ್ಲ ಅಂತ ಮೊದಲ ಬರದಿಟ್ಕೋರಿ. ಆಮ್ಯಾಲೆ ಪ್ಲಾನ್ ಮಾಡ್ರಿ.

ಸಪ್ತಾಪುರ_ಫಿಸಿಕ್ಸ್
ಉದ್ದದ ಮಾತು ಮೊದಲು. ಒಂದು ವಿಡಿಯೋಕ್ಕೆ ಒಂದೇ ಪರಿಕಲ್ಪನೆ, 5ರಿಂದ 6 ನಿಮಿಷ. ಓಮ್ ನಿಯಮಕ್ಕೆ ಒಂದು, ರೋಧ ಯಾವುದರ ಮೇಲೆ ನಿಂತಿದೆ ಅನ್ನೋದಕ್ಕೆ ಇನ್ನೊಂದು, ಸರಣಿ ಜೋಡಣೆಗೆ ಮತ್ತೊಂದು. 20 ನಿಮಿಷದ ಒಂದೇ ವಿಡಿಯೋ ಮಾಡಿದರೆ ಮಕ್ಕಳು ಎಲ್ಲಿ ಬಿಟ್ಟರೆಂದು ನಿಮಗೂ ಗೊತ್ತಾಗುವುದಿಲ್ಲ, ಅವರಿಗೂ ನೆನಪಿರುವುದಿಲ್ಲ.

ಅಕ್ಕೋರ, ಸ್ಟುಡಿಯೋ ಬೇಡ. ಎರಡು ಸ್ಟೀಲ್ ಡಬ್ಬಿ, ನಡುವೆ ಅಡ್ಡಲಾಗಿ ಮರದ ಸ್ಕೇಲು, ಅದರ ಮೇಲೆ ಫೋನು ಕೆಳಮುಖ. ಕೆಳಗೆ ಬಿಳಿ ಹಾಳೆ, ದಪ್ಪ ಸ್ಕೆಚ್ ಪೆನ್. ಫೋಕಸ್ ಲಾಕ್ ಮಾಡದಿದ್ದರೆ ಕೈ ಆಡಿದಾಗಲೆಲ್ಲ ಚಿತ್ರ ಮಸುಕಾಗುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಕಿಟಕಿ ಎಡಕ್ಕಿರಲಿ, ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಫ್ಯಾನ್ ಆಫ್. ಮೈಕಿಗೆ ಸಾದಾ ಇಯರ್‌ಫೋನು ಸಾಕು.

ಮಧ್ಯದಲ್ಲಿ ಎರಡು ಕಡೆ ‘ಇಲ್ಲಿ ನಿಲ್ಲಿಸಿ, ಉತ್ತರ ಬರೆದು ಮುಂದೆ ಹೋಗಿ’ ಎಂದು ಹೇಳಿ. ಇದನ್ನು ಬಿಟ್ಟರೆ ಮಕ್ಕಳು ಸೀರಿಯಲ್ ನೋಡಿದ ಹಾಗೆ ನೋಡಿ ಎದ್ದು ಹೋಗುತ್ತಾರೆ.

ಕಲಘಟಗಿ_ಗಣಿತ
ಮೇಲಿನದಕ್ಕೆ ಸೇರಿಸೂದು: ಗಾತ್ರ ನೋಡ್ಕೋರಿ. 360ಪಿ, ಸೆಕೆಂಡಿಗೆ ಸುಮಾರು 400 ಕಿಲೋಬಿಟ್ ಇಟ್ರ 6 ನಿಮಿಷದ ವಿಡಿಯೋ 18 ಎಂಬಿ ಆಗತೈತಿ. ಫೋನಿನ ಕ್ಯಾಮೆರಾ ಕೊಟ್ಟ 1080ಪಿ ಫೈಲ್ ಹಂಗ ಕಳಿಸಿದ್ರ ಅದರ ಹತ್ತಾರು ಪಟ್ಟು. ಅಪ್ಪನ ಫೋನಿನ ದಿನದ ಡೇಟಾ ಸಂಜೀಕ ಉಳಿದಿದ್ದರಾಗ ಅದು ಇಳ್ಯಾಂಗಿಲ್ಲ. ವಾಟ್ಸಾಪಿನ್ಯಾಗ ಡಾಕ್ಯುಮೆಂಟ್ ಅಂತ ಕಳಸ್ರಿ, ವಿಡಿಯೋ ಅಂತ ಕಳಸಿದ್ರ ಅದು ಮತ್ತ ಕುಗ್ಗಿಸಿ ಸ್ಕೆಚ್ ಪೆನ್ನಿನ ಅಕ್ಷರ ಸೈತ ಓದಾಕ ಬರದಂಗ ಮಾಡತೈತಿ.

ಕನ್ನಡ ಪದ್ಯ, ಇಂಗ್ಲಿಷ್ ಓದು ಅಂದ್ರ ಬರೀ ಧ್ವನಿ ಸಾಕು. 32 ಕಿಲೋಬಿಟ್ ಆಡಿಯೋ 6 ನಿಮಿಷಕ್ಕ ಒಂದೂವರೆ ಎಂಬಿ ಒಳಗ.

ಹಳೇಚಾಕ್‌ಪೀಸ್
ಇಷ್ಟೆಲ್ಲಾ ಕಸರತ್ತು ಮಾಡೂದರ ಬದಲಿ ಬೋರ್ಡಿನ ಮ್ಯಾಲೆ ಚಂದಂಗ ಹೇಳಿ ಲೆಕ್ಕ ಮಾಡಿಸಿದ್ರ ಆಗಂಗಿಲ್ಲೇನು? ಎಸ್‌ಎಸ್‌ಎಲ್‌ಸಿ ಪೇಪರು 80 ಅಂಕಕ್ಕ ಬರೂದು. ಅದರಾಗ ‘ಗುಂಪು ಚರ್ಚೆ’ ಅಂತ ಪ್ರಶ್ನೆ ಇರಂಗಿಲ್ಲ. 20 ಆಂತರಿಕ ಅಂಕ ಎಲ್ಲಾರೂ ಕೊಡ್ತಾರ. ಮಕ್ಕಳಿಗೆ ಬೇಕಾಗಿದ್ದು ಬರಿಯೂ ರೂಢಿ.

ವಿದ್ಯಾನಗರ_ಉಪನ್ಯಾಸಕ
@ಹಳೇಚಾಕ್‌ಪೀಸ್ ಸರ್, ಬರೆಯುವ ರೂಢಿಗೆ ಸಮಯ ಎಲ್ಲಿಂದ ತರುತ್ತೀರಿ? 40 ನಿಮಿಷದಲ್ಲಿ ಹಾಜರಿ 4, ವಿವರಣೆ 25, ಬೋರ್ಡ್ ಇಳಿಸಿಕೊಳ್ಳುವುದು 8. ಉಳಿದ 3 ನಿಮಿಷದಲ್ಲಿ ‘ಮಿಕ್ಕಿದ್ದು ಮನೇಲಿ ಮಾಡ್ಕೊಂಡು ಬರ್ರಿ’. ಅಂದರೆ ಅತ್ಯಂತ ಕಷ್ಟದ ಕೆಲಸ, ಹೇಳಿಕೊಡಲು ಯಾರೂ ಇಲ್ಲದ ಜಾಗಕ್ಕೆ ಹೋಯಿತು. ಫ್ಲಿಪ್ ಮಾಡುವುದು ಇದನ್ನೇ ಅದಲುಬದಲು ಮಾಡಲಿಕ್ಕೆ. ವಿಡಿಯೋ ಅದರ ಸಣ್ಣ ಭಾಗ.

ಅಮೆರಿಕದ ಕೊಲೊರಾಡೊದ ವುಡ್‌ಲ್ಯಾಂಡ್ ಪಾರ್ಕ್ ಹೈಸ್ಕೂಲಿನಲ್ಲಿ ಬರ್ಗ್‌ಮನ್, ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು 2007ರಲ್ಲಿ ಶುರು ಮಾಡಿದ್ದೂ ಇದೇ ತರಹದ ಅಡಚಣೆಗೆ: ಕ್ಲಾಸು ತಪ್ಪಿಸಿಕೊಂಡ ಮಕ್ಕಳಿಗೆ ಪಾಠ ಮುಟ್ಟಿಸುವುದು ಹೇಗೆ ಎಂದು. ಅದಕ್ಕೂ ಮುಂಚೆ, 1990ರ ದಶಕದ ಆರಂಭದಿಂದಲೇ ಹಾರ್ವರ್ಡಿನಲ್ಲಿ ಎರಿಕ್ ಮಜೂರ್ ಭೌತಶಾಸ್ತ್ರದ ತರಗತಿಯಲ್ಲಿ ಓದನ್ನು ಹೊರಗೆ ಹಾಕಿ, ಒಳಗೆ ಪ್ರಶ್ನೆ ಕೇಳುವ ಪದ್ಧತಿ ನಡೆಸಿದ್ದರು. ನಮ್ಮ 58 ಮಕ್ಕಳ ಕೋಣೆಗೆ ಬರ್ಗ್‌ಮನ್‌ಗಿಂತ ಮಜೂರ್ ಜಾಸ್ತಿ ಉಪಯೋಗ. ಬೆಂಚು ಅಲುಗಾಡಿಸಬೇಕಿಲ್ಲ.

ಕ್ರಮ ಹೀಗೆ. ಒಂದು ಬಹುಆಯ್ಕೆ ಪ್ರಶ್ನೆ ಬೋರ್ಡಿನ ಮೇಲೆ. ಒಂದು ನಿಮಿಷ ಒಬ್ಬೊಬ್ಬರೇ ಯೋಚಿಸಿ, ಎ ಬಿ ಸಿ ಡಿ ಬರೆದ ರಟ್ಟಿನ ಕಾರ್ಡು ಒಟ್ಟಿಗೆ ಎತ್ತಬೇಕು. ಸರಿ ಉತ್ತರ 30ರಿಂದ 70 ಶೇಕಡಾ ಇದ್ದರೆ (58ರಲ್ಲಿ ಹೆಚ್ಚುಕಡಿಮೆ 18ರಿಂದ 40) ಉತ್ತರ ಹೇಳಬೇಡಿ. ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲಿ, ಮತ್ತೆ ಕಾರ್ಡು ಎತ್ತಲಿ. 30ಕ್ಕಿಂತ ಕಡಿಮೆ ಇದ್ದರೆ ಚರ್ಚೆ ವ್ಯರ್ಥ, ನೀವೇ ಮತ್ತೆ ಹೇಳಿ. 70 ದಾಟಿದರೆ ಎರಡು ಮಾತು ಹೇಳಿ ಮುಂದಕ್ಕೆ.

ಪ್ರಶ್ನೆ ಹೀಗಿರಬೇಕು: ‘ಒಂದೇ ನಮೂನೆಯ ಎರಡು ಬಲ್ಬು ಸರಣಿಯಲ್ಲಿವೆ. ಕೋಶದ ಧನ ತುದಿಗೆ ಹತ್ತಿರ ಇರುವ ಬಲ್ಬು ಹೆಚ್ಚು ಬೆಳಗುತ್ತದೆಯೇ, ದೂರದ್ದು ಹೆಚ್ಚೇ, ಎರಡೂ ಸಮವೇ?’ ಮೊದಲ ಬಲ್ಬು ಕರೆಂಟನ್ನು ‘ತಿಂದುಬಿಡುತ್ತದೆ’ ಎಂದು ಬಹಳ ಮಕ್ಕಳು ನಂಬಿರುತ್ತಾರೆ. ಓಮ್ ನಿಯಮದ ಲೆಕ್ಕದಲ್ಲಿ ಪೂರ್ತಿ ಅಂಕ ತೆಗೆಯುವವರೂ ಇಲ್ಲಿ ಮುಗ್ಗರಿಸುತ್ತಾರೆ.

ಹಿಂದಿನಬೆಂಚು
ಕಾರ್ಡು ಎತ್ತೂವಾಗ ಎಲ್ಲಾರೂ ಜಾಣ ಹುಡುಗಿಯ ಕೈ ನೋಡ್ತಾರಲ್ರಿ.

ಕಲಘಟಗಿ_ಗಣಿತ
ಕಣ್ಣು ಮುಚ್ಚಿ ಎತ್ತಾಕ ಹೇಳ್ರಿ. ಇಲ್ಲಾ ಪ್ಲಿಕರ್ಸ್ ಅನ್ನೂ ಆ್ಯಪಿನ ಕಾರ್ಡು, ಫೋನಿನ ಕ್ಯಾಮೆರಾ ಅದನ್ನ ಓದತೈತಿ. ಶಿಕ್ಷಕರ ಒಂದ ಫೋನು ಸಾಕು, ಮಕ್ಕಳ ಕೈಯಾಗ ಚೌಕಾಕಾರದ ಕಪ್ಪು ಚಿತ್ರದ ಹಾಳೆ. ಯಾವ ಬದಿ ಮ್ಯಾಲೆ ಹಿಡಿತಾರೋ ಅದು ಉತ್ತರ, ಪಕ್ಕದವರಿಗೆ ತಿಳಿಯಂಗಿಲ್ಲ. ಕಾರ್ಡಿನ ಸೆಟ್ 63ರ ತನಕ ಸಿಗತೈತಿ. ಒಂದ ಎಚ್ಚರಿಕೆ: ಬಾಳಿಕಿ ಬರಲಿ ಅಂತ ಹೊಳಪಿನ ಲ್ಯಾಮಿನೇಷನ್ ಮಾಡಿಸಬ್ಯಾಡ್ರಿ. ಕಿಟಕಿ ಬೆಳಕು ಹೊಳದು ಫೋನು ಓದಂಗಿಲ್ಲ. ದಪ್ಪ ಡ್ರಾಯಿಂಗ್ ಹಾಳಿಗೆ ಅಂಟಿಸಿದ್ರ ಸಾಕು.

ಬ್ಯಾಡಗಿ_ಮಾಸ್ತರ
ನೋಡದ ಬಂದವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಕಡೆ ಜನವರಿಯಿಂದ ಮಾರ್ಚ್ ಮೆಣಸಿನಕಾಯಿ ಹಂಗಾಮು, ಅವ್ವ ಅಪ್ಪ ಮನಿಗೆ ಬರೂದು ರಾತ್ರಿ. ಗದಗ ಕಡೆ ಹೆಸರು ಬಿಡಸೂ ಹೊತ್ತಿನ್ಯಾಗ ಆಗಸ್ಟ್ ಕೊನೀಗೂ ಅದ ಕತಿ. ಮನ್ಯಾಗ ಒಂದ ಸ್ಮಾರ್ಟ್‌ಫೋನು, ಅದು ಅಪ್ಪನ ಕಿಸೆದಾಗ. ಅಣ್ಣ ಇದ್ರ ಆಮ್ಯಾಲೆ ಅಣ್ಣನ ಕೈಯಾಗ. ಹೆಣ್ಣುಮಕ್ಕಳಿಗೆ ಫೋನು ಸಿಗೂದು ಕಡೀಕ. ‘ನಾಳೆ ನೋಡ್ಕೊಂಡು ಬಾ’ ಅನ್ನೂದು ಇಂಥಾ ಮನಿಗೆ ಶಿಕ್ಷೆ. ಶುಕ್ರವಾರ ಕೊಟ್ಟು ಮಂಗಳವಾರ ಕೇಳ್ರಿ.

ಅದಕ್ಕಿಂತ ಭರವಸೆದ್ದು ಅಂದ್ರ ಸಾಲ್ಯಾಗ ಫ್ಲಿಪ್ ಮಾಡೂದು. ಕ್ಲಾಸು ನಾಲ್ಕು ಠಾಣೆ ಮಾಡ್ರಿ. ಒಂದರಾಗ ವಿಡಿಯೋ, ಒಂದರಾಗ ಪ್ರಯೋಗ, ಒಂದರಾಗ ಲೆಕ್ಕದ ಹಾಳೆ, ಒಂದು ನಿಮ್ಮ ಮೇಜು. 58 ಮಂದಿ ಅಂದ್ರ ಠಾಣೆಗೆ 14–15. ಒಂದ ಪಿರಿಯಡ್ಡಿನ್ಯಾಗ ನಾಲ್ಕೂ ಸುತ್ತಾಕ ಹೋಗಬ್ಯಾಡ್ರಿ, ಬರೇ ಎದ್ದು ಕೂಡೂದರಾಗ ಹತ್ತು ನಿಮಿಷ ಹೋಗತೈತಿ. ಇವತ್ತು ಎರಡು, ನಾಳೆ ಎರಡು, ಪ್ರತಿ ಠಾಣೆಗೆ 15 ನಿಮಿಷ. ಮನ್ಯಾಗ ವಿಡಿಯೋ ನೋಡಿದವರು ಆ ಠಾಣೆ ಬಿಟ್ಟು ಲೆಕ್ಕದ ಕಡೆ ಹೋಗ್ಲಿ, ಅಲ್ಲಿ ಅವರಿಗೆ ಒಂದ ಹೆಚ್ಚಿನ ಲೆಕ್ಕ ಇಟ್ಟಿರ್ರಿ.

ನೋಡದ ಬಂದವರನ್ನ ನಿಲ್ಲಿಸಿ ಬೈಯೂದು, ಅಥವಾ ಅವರ ಸಲುವಾಗಿ ಪೂರಾ ಪಾಠ ಮತ್ತ ಬೋರ್ಡಿನ ಮ್ಯಾಲೆ ಹೇಳೂದು, ಎರಡೂ ಮಾಡಬ್ಯಾಡ್ರಿ. ಎರಡನೇದು ಇನ್ನೂ ಕೆಟ್ಟದ್ದು. ಒಂದ ಸಲ ಹೇಳಿದ್ರಿ ಅಂದ್ರ ಮುಂದ ಯಾರೂ ನೋಡ್ಕೊಂಡು ಬರಂಗಿಲ್ಲ.

ಸಪ್ತಾಪುರ_ಫಿಸಿಕ್ಸ್
ಇದು ನೂರಕ್ಕೆ ನೂರು. ನೋಡಿದ್ದಕ್ಕೆ ಸಾಕ್ಷಿ ಬೇಕಲ್ಲ, ಅದಕ್ಕೆ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ: ತಿಳಿದದ್ದು ಮೂರು ಸಾಲು, ತಿಳಿಯದ್ದು ಒಂದು ಪ್ರಶ್ನೆ. ‘ಪ್ರಶ್ನೆ ಏನೂ ಇಲ್ಲ ಸರ್’ ಎನ್ನುವಂತಿಲ್ಲ. ಬಾಗಿಲಲ್ಲೇ ನಿಂತು ನೋಡಿದರೆ 58 ಪುಸ್ತಕಕ್ಕೆ ಮೂರು ನಿಮಿಷ ಸಾಕು. ತಿದ್ದಬೇಡಿ, ಬರೀ ಇದೆಯೋ ಇಲ್ಲವೋ ನೋಡಿ. ಆ ಪ್ರಶ್ನೆಗಳಲ್ಲಿ ಹೆಚ್ಚು ಸಲ ಬಂದ ಎರಡನ್ನು ಆರಿಸಿ ಅವತ್ತಿನ ಕ್ಲಾಸು ಶುರು ಮಾಡಿ.

ಚಿಗರಿ_ಪ್ರಯಾಣಿಕ
ಹುಬ್ಬಳ್ಳಿ–ಧಾರವಾಡದ ಹುಡುಗ್ರಿಗೆ ಈ ತೊಂದ್ರಿ ಇಲ್ಲ, ಚಿಗರಿ ಬಸ್ಸಿನ್ಯಾಗ ನಿಂತ್ಕೊಂಡ ಎರಡು ವಿಡಿಯೋ ಮುಗಿಸ್ತಾರ. ಕೂಡಾಕ ಜಾಗ ಸಿಕ್ರ ನಿದ್ದಿ ಮಾಡ್ತಾರ, ಅದು ಬ್ಯಾರೆ ಮಾತು.

ಮಾಳಮಡ್ಡಿ_ಬಿಎಡ್
ನಂದೊಂದು ತಕರಾರು ಅದ. ನಮ್ಮ ಪಾಠಯೋಜನೆ 5ಇ ಮಾದರಿಯೊಳಗ ಇರ್ತದ: ತೊಡಗಿಸೋದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಅನ್ವೇಷಣೆ ಆದಮ್ಯಾಲೆ ವಿವರಣೆ. ನೀವೆಲ್ಲಾ ಹೇಳ್ಲಿಕ್ಹತ್ತಿದ ಫ್ಲಿಪ್ಪಿನೊಳಗ ವಿವರಣೆ ಮನ್ಯಾಗ ಮೊದಲೇ ಮುಗದು ಹೋಗ್ತದ. ವೋಲ್ಟೇಜ್ ಏರಿದ್ರ ಕರೆಂಟ್ ಏರ್ತದ ಅಂತ ವಿಡಿಯೋದಾಗ ನೋಡಿ ಬಂದ ಹುಡುಗ ಪ್ರಯೋಗದೊಳಗ ಏನ್ ಹುಡುಕ್ತಾನ? ಉತ್ತರ ಗೊತ್ತಿದ್ದ ಪ್ರಯೋಗ ಅದು. ರೀಡಿಂಗ್ ಸರಿ ಬರ್ಲಿಲ್ಲ ಅಂದ್ರ ಕೈಲೆ ತಿದ್ದಿ ಬರೀತಾನ, ಅಷ್ಟ.

ವಿಡಿಯೋ ಬೇಕಂದ್ರ ಎರಡನೇ ದಿನದ ರಾತ್ರಿಗೆ ಹಾಕ್ರಿ. ಮೊದಲ ಎರಡು ದಿನ ಕ್ಲಾಸಿನೊಳಗ ತಂತಿ, ಕೋಶ ಕೊಟ್ಟು ಅಳೀಲಿಕ್ಕೆ ಬಿಡ್ರಿ. ಕೋಷ್ಟಕ ತುಂಬಲಿ, ನಕ್ಷೆ ತೆಗೀಲಿ. ಆಮ್ಯಾಲೆ ಎರಡನೇ ರಾತ್ರಿ ವಿಡಿಯೋ. ಮೂರನೇ ದಿನ ಲೆಕ್ಕ.

ಹಳೇಚಾಕ್‌ಪೀಸ್
ನೋಡ್ರಿ, ನಿಮ್ಮ ನಿಮ್ಮಲ್ಲೇ ಒಮ್ಮತ ಇಲ್ಲ. ಇನ್ನೊಂದು ಮಾತು: ಹೊಸದಾಗಿ ಕಲಿಯೂ ಮಗುವಿಗೆ ‘ನೀನ ಹುಡುಕು’ ಅಂದ್ರ ತಲಿ ಮ್ಯಾಲೆ ಭಾರ ಜಾಸ್ತಿ ಆಗತೈತಿ, ಬಿಡಿಸಿ ತೋರಿಸಿದ ಲೆಕ್ಕಾನ ಮೇಲು ಅಂತ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನೂ ಸಂಶೋಧಕರು 2006ರಾಗ ಬರದಾರ. ಹಳಬರು ಏನೂ ಓದಂಗಿಲ್ಲ ಅಂತ ತಿಳಕೋಬ್ಯಾಡ್ರಿ.

ವಿದ್ಯಾನಗರ_ಉಪನ್ಯಾಸಕ
ಒಪ್ಪಿದೆ ಸರ್, ಆದರೆ ಆ ಮೂವರ ವಾದ ಮಾರ್ಗದರ್ಶನ ಇಲ್ಲದ ಕಲಿಕೆಯ ವಿರುದ್ಧ. ಫ್ಲಿಪ್ಪಿನಲ್ಲಿ ಶಿಕ್ಷಕರು ಕೋಣೆಯಲ್ಲೇ ಓಡಾಡುತ್ತಿರುತ್ತಾರೆ. ನಿಮ್ಮ ಬಿಡಿಸಿದ ಲೆಕ್ಕವನ್ನು ಲೆಕ್ಕದ ಠಾಣೆಯಲ್ಲೇ ಬಳಸಬಹುದು. ಸಮಾಂತರ ಜೋಡಣೆಯ ಮೊದಲ ಲೆಕ್ಕ ಪೂರ್ತಿ ಬಿಡಿಸಿ ಕೊಡಿ. ಎರಡನೆಯದರಲ್ಲಿ ಕೊನೆಯ ಹೆಜ್ಜೆ ಖಾಲಿ. ಮೂರನೆಯದರಲ್ಲಿ ಕೊನೆಯ ಎರಡು ಹೆಜ್ಜೆ ಖಾಲಿ. ನಾಲ್ಕನೆಯದು ಬರೀ ಪ್ರಶ್ನೆ. 1/ಆರ್ ಕೂಡಿಸಿ ತಲೆಕೆಳಗು ಮಾಡುವುದನ್ನು ಮರೆತು 1/ಆರ್ ಅನ್ನೇ ರೋಧ ಎಂದು ಬರೆಯುವ ತಪ್ಪು ಎರಡನೇ ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ. ಅದನ್ನು ಮನೆಗೆಲಸಕ್ಕೆ ಕೊಟ್ಟರೆ ಹತ್ತೂ ಲೆಕ್ಕ ಹಾಗೇ ಮಾಡಿಕೊಂಡು ಬರುತ್ತಾರೆ.

ಹಳೇಚಾಕ್‌ಪೀಸ್
ಈ ಖಾಲಿ ಹೆಜ್ಜೆ ವಿಚಾರ ಛಲೋ ಐತಿ. ವಿಡಿಯೋ ಇಲ್ಲದನೂ ಮಾಡಬಹುದು.

ವಿದ್ಯಾನಗರ_ಉಪನ್ಯಾಸಕ
ಮಾಡಬಹುದು. ಅದನ್ನೇ ಮೊದಲಿನಿಂದ ಹೇಳ್ತಾ ಇರೋದು.

ಮುಳಗುಂದನಾಕಾ
@ಮಾಳಮಡ್ಡಿ_ಬಿಎಡ್ ನಿಮ್ಮ ಮಾತು ತಲಿಗೆ ಹತ್ತಿತು, ಪ್ರಯೋಗ ಮೊದಲು ಇಡ್ತೀನಿ. ಪುಸ್ತಕದಾಗ ಅರ್ಧ ಮೀಟರ್ ನಿಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಕೋಶ ಅಂತ ಐತಿ. ಆಮ್ಮೀಟರ್ ಎರಡ ಅದಾವ. 58 ಮಕ್ಕಳಿಗೆ ಹೆಂಗ?

ಸಪ್ತಾಪುರ_ಫಿಸಿಕ್ಸ್
ಇಲ್ಲಿ ನಿಧಾನವಾಗಿ ಓದಿ, ಬಹಳ ಕಡೆ ಈ ಪ್ರಯೋಗ ಕೆಡುವುದು ಇಲ್ಲೇ.

28 ಗೇಜಿನ ನಿಕ್ರೋಮ್ ತಂತಿ ಅರ್ಧ ಮೀಟರಿಗೆ ಸುಮಾರು 5 ಓಮ್. ಲೆಕ್ಕದ ಪ್ರಕಾರ ಒಂದು ಕೋಶಕ್ಕೆ 0.3 ಆಂಪಿಯರ್, ಎರಡಕ್ಕೆ 0.6, ಮೂರಕ್ಕೆ 0.9, ನಾಲ್ಕಕ್ಕೆ 1.2. ನಿಮ್ಮ ಆಮ್ಮೀಟರ್ 0–1 ಆಂಪಿಯರಿನದಾದರೆ ನಾಲ್ಕನೇ ಕೋಶಕ್ಕೆ ಮುಳ್ಳು ಕೊನೆಗೆ ಹೋಗಿ ಬಡಿಯಬಹುದು. ಸಣ್ಣ ಪೆನ್ಸಿಲ್ ಸೆಲ್ಲಾದರೆ ಅಷ್ಟು ಕರೆಂಟಿಗೆ ಸುಸ್ತಾಗುತ್ತವೆ. ಆದ್ದರಿಂದ ಒಂದು ಮೀಟರ್ ತಂತಿ ತೆಗೆದುಕೊಳ್ಳಿ. 10 ಓಮ್ ಆಗುತ್ತದೆ, ಕರೆಂಟು 0.15ರಿಂದ 0.6ರೊಳಗೆ ನಿಲ್ಲುತ್ತದೆ. ಟಾರ್ಚಿನ ದಪ್ಪ ಸೆಲ್ ಹಾಕಿ. ತಂತಿಯನ್ನು ರಟ್ಟಿನ ಮೇಲೆ ಮೊಳೆ ಚುಚ್ಚಿ ಹಾವಿನಂತೆ ಸುತ್ತಿಸಿ. ಒಂದು ಸುತ್ತು ಇನ್ನೊಂದಕ್ಕೆ ತಾಗಿದರೆ ಉದ್ದ ಕಡಿಮೆಯಾದ ಹಾಗೆ, ರೀಡಿಂಗ್ ಹಾಳು. ಕೀಲಿ ಒತ್ತಿ, ಓದಿ, ಬಿಡಿ. ಒತ್ತಿ ಹಿಡಿದು ಹರಟೆ ಹೊಡೆದರೆ ಕೋಶ ಬರಿದಾಗುತ್ತದೆ.

ಎರಡು ಕೋಶ ಹಾಕಿದಾಗ ವೋಲ್ಟ್‌ಮೀಟರ್ 3 ತೋರಿಸುವುದಿಲ್ಲ, ಅದಕ್ಕಿಂತ ಕಡಿಮೆ ತೋರಿಸುತ್ತದೆ. ಕೋಶದ ಆಂತರಿಕ ರೋಧದ ಕೆಲಸ. ಮಕ್ಕಳು ‘ತಪ್ಪು ಬಂತು’ ಎಂದು 3 ಬರೆದುಬಿಡುತ್ತಾರೆ, ಆಗ ನಕ್ಷೆ ಸೊಟ್ಟಗಾಗುತ್ತದೆ. ಮೀಟರ್ ತೋರಿಸಿದ್ದನ್ನೇ ಬರೆದರೆ ವಿಭವಾಂತರ ಭಾಗಿಸು ಕರೆಂಟು ಪ್ರತಿ ಸಲ 10ರ ಆಸುಪಾಸೇ ಬರುತ್ತದೆ. ಯಾಕೆ 3 ಬರಲಿಲ್ಲ ಎನ್ನುವುದನ್ನು ಅವರೇ ಕೇಳುವವರೆಗೆ ಕಾಯಿರಿ.

ಕಲಘಟಗಿ_ಗಣಿತ
ಆಮ್ಮೀಟರ್ ಕಡಿಮೆ ಇದ್ರ ಅಗ್ಗದ ಹಳದಿ ಡಿಜಿಟಲ್ ಮಲ್ಟಿಮೀಟರ್ ನಾಲ್ಕು ತಗೋರಿ.

ಸಪ್ತಾಪುರ_ಫಿಸಿಕ್ಸ್
ತಗೊಳ್ಳಿ, ಆದರೆ ಅದರಲ್ಲಿ ಕೆಂಪು ತಂತಿಗೆ ಎರಡು ತೂತು ಇರುತ್ತವೆ. ಮಿಲಿಆಂಪಿಯರ್ ತೂತಿನ ರೇಂಜು 200 ಮಿಲಿಆಂಪಿಯರ್ ತನಕ, 0.3 ಆಂಪಿಯರ್ ಹರಿಸಿದರೆ ಅಳತೆ ಬರುವುದಿಲ್ಲ, ಒಳಗಿನ ಫ್ಯೂಸೂ ಹೋದೀತು. ಈ ಪ್ರಯೋಗಕ್ಕೆ 10 ಆಂಪಿಯರ್ ತೂತೇ ಬೇಕು. ಅದೇ ತೂತಿನಲ್ಲಿ ತಂತಿ ಬಿಟ್ಟು ವೋಲ್ಟೇಜ್ ಅಳೆಯಲು ಹೋದರೆ ಕೋಶ ಶಾರ್ಟ್ ಆಗುತ್ತದೆ. ಹಾಗಾಗಿ ಎರಡು ಮೀಟರ್ ಕರೆಂಟಿಗೆ, ಎರಡು ವೋಲ್ಟೇಜಿಗೆ ಎಂದು ಮೊದಲೇ ಟೇಪ್ ಅಂಟಿಸಿ ಗುರುತು ಮಾಡಿ, ತೂತು ಬದಲಿಸದಂತೆ ಹೇಳಿ. ನಿಮ್ಮ ಎರಡು ಆಮ್ಮೀಟರ್ ಸೇರಿ ನಾಲ್ಕು ಕಿಟ್ ಆಗುತ್ತವೆ, ವೋಲ್ಟ್‌ಮೀಟರ್ ಇನ್ನೆರಡು ಇದ್ದರೆ. 15 ಮಂದಿಯ ಠಾಣೆಯಲ್ಲಿ ಕಿಟ್ಟಿಗೆ ನಾಲ್ಕು ಜನ: ಒಬ್ಬರು ಜೋಡಿಸುವುದು, ಒಬ್ಬರು ಕೀಲಿ, ಒಬ್ಬರು ಓದುವುದು, ಒಬ್ಬರು ಬರೆಯುವುದು. ಕೋಶ ಹೆಚ್ಚಿಸಿದಾಗಲೆಲ್ಲ ಕೆಲಸ ಬದಲಾಗಲಿ.

ರಾಣೆಬೆನ್ನೂರ_ಸಮಾಜ
ಎಲ್ಲಾ ವಿಜ್ಞಾನದವರದ ಆತು. ಸಮಾಜಕ್ಕ ವಿಡಿಯೋಕ್ಕಿಂತ ಓದೂ ಹಾಳಿ ಛಲೋ, ಮತ್ತ ಜಿಗ್ಸಾ. ಆರೊನ್ಸನ್ ಅನ್ನೂ ಮನೋವಿಜ್ಞಾನಿ 1971ರಾಗ ಟೆಕ್ಸಾಸ್‌ದಾಗ ಮಾಡಿದ್ದು. ಸ್ವಾತಂತ್ರ್ಯ ಹೋರಾಟಕ್ಕ ಕರ್ನಾಟಕದ್ದು ನಾಲ್ಕು ತುಂಡು ಮಾಡ್ರಿ: ಅಂಕೋಲಾ ಉಪ್ಪಿನ ಸತ್ಯಾಗ್ರಹ 1930, ಶಿವಪುರ ಧ್ವಜ ಸತ್ಯಾಗ್ರಹ 1938, ವಿದುರಾಶ್ವತ್ಥ 1938, ಈಸೂರು 1942. ನಾಲ್ಕು ನಾಲ್ಕು ಮಂದಿ ಗುಂಪು ಮಾಡಿ, ಗುಂಪಿನ್ಯಾಗ ಒಬ್ಬೊಬ್ಬರಿಗೆ ಒಂದ ಹಾಳಿ ಮನಿಗೆ. ಮರುದಿನ ಒಂದ ತುಂಡಿನವರೆಲ್ಲಾ ಮೊದಲು ಕೂಡಿ 10 ನಿಮಿಷ ಮಾತಾಡಿ ಪಕ್ಕಾ ಮಾಡ್ಕೋಬೇಕು, ಆಮ್ಯಾಲೆ ತಮ್ಮ ಗುಂಪಿಗೆ ಹೋಗಿ ಉಳಿದ ಮೂವರಿಗೆ ಹೇಳಬೇಕು. ಆ ಮೊದಲಿನ 10 ನಿಮಿಷ ಬಿಟ್ರ ತಪ್ಪು ತಪ್ಪ ದಾಟತೈತಿ. ಹಾವೇರಿ ಜಿಲ್ಲಾದವರು ಮೈಲಾರ ಮಹಾದೇವಪ್ಪನವರ ಹಾಳಿ ಐದನೇದ್ದು ಮಾಡ್ಕೋರಿ. ದಂಡಿ ಯಾತ್ರೆಗೆ ಹೋದವರು, 1943ರಾಗ ಹೊಸರಿತ್ತಿಯೊಳಗ ಹುತಾತ್ಮರಾದವರು.

ಗದಗಿನವರಿಗೆ ಸಹಕಾರದ ಪಾಠಕ್ಕ 1905ರ ಕಣಗಿನಹಾಳ ಸಹಕಾರ ಸಂಘ ಐತಿ. ಅಲ್ಲಿಗೇ ಕರ್ಕೊಂಡು ಹೋದ್ರ ವಿಡಿಯೋ ಯಾಕ ಬೇಕು.

ಬ್ಯಾಡಗಿ_ಮಾಸ್ತರ
ಬೆಂಚಿನ ಪ್ರಶ್ನೆ ಉಳೀತು. ಬೆಂಚು ಸರಿಸಬ್ಯಾಡ್ರಿ, ಮಂದಿನ್ನ ತಿರುಗಿಸ್ರಿ. ಒಂದನೇ, ಮೂರನೇ, ಐದನೇ ಬೆಂಚಿನ ಮೂವರು ಹಿಂದಕ್ಕ ತಿರುಗಿ ಕುಂತ್ರ ಆರು ಮಂದಿ ಗುಂಪು. ಆರು ಮಂದ್ಯಾಗ ಇಬ್ಬರು ಸುಮ್ನ ಕುಂಡ್ರತಾರ, ಅದಕ್ಕ ಅದನ್ನ ಮೂರು ಮೂರು ಮಾಡಿ ಹಾಳಿ ಎರಡು ಕೊಡ್ರಿ.

ಹಿಂದಿನಬೆಂಚು
ಸ್ಮಾರ್ಟ್ ಟಿವಿಗೆ ಪೆನ್‌ಡ್ರೈವ್ ಹಾಕಿದ್ರ ಧ್ವನಿ ಬರತೈತಿ, ಚಿತ್ರ ಬರಂಗಿಲ್ಲ. ಯಾರಿಗರೆ ಗೊತ್ತೈತೇನ್ರಿ?

ಚಿಗರಿ_ಪ್ರಯಾಣಿಕ
ಹೊಸ ಫೋನುಗಳು ಎಚ್.265 ಅನ್ನೂ ವಿಡಿಯೋ ನಮೂನಿದಾಗ ರೆಕಾರ್ಡ್ ಮಾಡ್ತಾವ, ಹಳೇ ಟಿವಿ ಓದಂಗಿಲ್ಲ. ಕ್ಯಾಮೆರಾ ಸೆಟ್ಟಿಂಗಿನ್ಯಾಗ ಎಚ್.264ಕ್ಕ ಬದಲಿ ಮಾಡ್ರಿ. ಆಗಲೇ ತೆಗೆದಿದ್ದನ್ನ ಕಂಪ್ಯೂಟರಿನ್ಯಾಗ ಹ್ಯಾಂಡ್‌ಬ್ರೇಕ್ ಅನ್ನೂ ಸಾಫ್ಟ್‌ವೇರ್ ಹಾಕಿ ಬದಲಿಸಬಹುದು, ಗಾತ್ರಾನೂ ಇಳೀತೈತಿ. ಮತ್ತ ಕರೆಂಟ್ ಹೋದ್ರ ಇರಲಿ ಅಂತ ಅದ ಪಾಠದ ಒಂದ ಪುಟ ಝೆರಾಕ್ಸ್ ಯಾವಾಗಲೂ ಚೀಲದಾಗ ಇರಬೇಕು.

ಮುಳಗುಂದನಾಕಾ
ಪಾಲಕರ ಬಗ್ಗೆ ಕೇಳೂದ ಮರತಿತ್ತು. ‘ನಿಮ್ಮ ಅಕ್ಕೋರು ಏನೂ ಹೇಳಂಗಿಲ್ಲಂತ, ನೀವ ಓದ್ಕೊಂಡು ಬರ್ರಿ ಅಂತಾರಂತ’ ಅಂತ ಬಂದ್ರ?

ವಿದ್ಯಾನಗರ_ಉಪನ್ಯಾಸಕ
ಬರ್ತಾರೆ. ಅದಕ್ಕಿಂತ ಮೊದಲು ಮಕ್ಕಳೇ ಹೇಳ್ತಾರೆ. ಡೆಲಾರಿಯೇ ಎಂಬ ಸಂಶೋಧಕರು ಮತ್ತು ಜೊತೆಗಾರರು ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲಿ ನೋಡಿ 2019ರಲ್ಲಿ ಪ್ರಕಟಿಸಿದ್ದು ಇದನ್ನೇ: ಸ್ವತಃ ಕೆಲಸ ಮಾಡಿದ ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು, ಆದರೆ ‘ಉಪನ್ಯಾಸದಲ್ಲೇ ಹೆಚ್ಚು ಕಲಿತೆವು’ ಎಂಬ ಭಾವನೆ ಅವರಿಗಿತ್ತು. ಸರಾಗವಾಗಿ ಕೇಳಿದ್ದು ಕಲಿತ ಹಾಗೆ ಅನ್ನಿಸುತ್ತದೆ.

ಪಾಲಕರಿಗೆ ಇದನ್ನೆಲ್ಲ ಹೇಳುತ್ತಾ ಕೂರಬೇಡಿ. ಪಾಲಕರ ಸಭೆಯಲ್ಲಿ ಮಗುವಿನ ಕ್ಲಾಸಿನ ಹಾಳೆ ತೋರಿಸಿ: ಇಷ್ಟು ಲೆಕ್ಕ ಶಾಲೆಯಲ್ಲೇ ಕೂತು ಮಾಡಿದ್ದು, ಇಲ್ಲಿ ತಪ್ಪಿದ್ದು, ಇಲ್ಲಿ ತಿದ್ದಿಕೊಂಡದ್ದು.

ಮಾಳಮಡ್ಡಿ_ಬಿಎಡ್
ಮತ್ತ ಇಡೀ ವರ್ಷ ಫ್ಲಿಪ್ ಮಾಡ್ಲಿಕ್ಕೆ ಹೋಗಬ್ಯಾಡ್ರಿ. ಒಂದು ಅಧ್ಯಾಯ, ಅದೂ ಲೆಕ್ಕ ಮತ್ತು ಪ್ರಯೋಗ ಇದ್ದದ್ದು. ವ್ಯಾಖ್ಯೆ, ಪಟ್ಟಿ ಹೆಚ್ಚಿದ್ದ ಪಾಠಕ್ಕ ಇದರಿಂದ ಲಾಭ ಕಡಿಮಿ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯನ್ನ ಇದರೊಳಗ ಸೇರಿಸಿಬಿಟ್ರ ಬ್ಯಾರೆ ದಾಖಲೆ ಬರಿಯೋ ಕೆಲಸಾ ತಪ್ತದ.

ಮುಳಗುಂದನಾಕಾ
ಹಂಗಾರ ಹಿಂಗ: ಸೋಮವಾರ, ಮಂಗಳವಾರ ಠಾಣೆ, ತಂತಿ–ಕೋಶ ಮತ್ತ ಹಿಂದಿನ ತರಗತಿಯ ಲೆಕ್ಕ. ಮಂಗಳವಾರ ರಾತ್ರಿ ವಿಡಿಯೋ. ಬುಧವಾರ ಬಲ್ಬಿನ ಪ್ರಶ್ನೆ, ಕಾರ್ಡು, ಖಾಲಿ ಹೆಜ್ಜೆ ಲೆಕ್ಕ.

ಬ್ಯಾಡಗಿ_ಮಾಸ್ತರ
ಅಕ್ಕೋರ, ಒಂದ ರಾತ್ರಿ ಸಾಲಂಗಿಲ್ಲ ಅಂತ ಮ್ಯಾಲೆ ಹೇಳೀನಿ. ಲೆಕ್ಕ ಶುಕ್ರವಾರಕ್ಕ ಹಾಕ್ರಿ, ಬುಧವಾರ ಗುರುವಾರ ನಕ್ಷೆ ತೆಗಿಯೂದು ಮತ್ತ ಸಾಲಿ ಟಿವಿದಾಗ ನೋಡದವರಿಗೆ ವಿಡಿಯೋ.

ಮುಳಗುಂದನಾಕಾ
ಆತ್ರಿ, ಶುಕ್ರವಾರ. ನಿಕ್ರೋಮ್ ತಂತಿ ಲ್ಯಾಬಿನ್ಯಾಗ ತುಂಡು ತುಂಡು ಅದಾವ, ಒಂದ ಮೀಟರ್ ಸಿಗಂಗಿಲ್ಲ. ಎಲ್ಲಿ ಸಿಗತೈತಿ?

ಸಪ್ತಾಪುರ_ಫಿಸಿಕ್ಸ್
ಒಲೆ, ಹೀಟರ್ ರಿಪೇರಿ ಮಾಡುವ ಯಾವುದೇ ಅಂಗಡಿಯಲ್ಲಿ 1000 ವ್ಯಾಟಿನ ಕಾಯಿಲ್ ಕೇಳಿ. ಇಡೀ ಕಾಯಿಲ್ ಸುಮಾರು 50 ಓಮ್. ಸುರುಳಿ ಎಣಿಸಿ ಐದು ಸಮಭಾಗ ಮಾಡಿದರೆ ತುಂಡಿಗೆ 10 ಓಮ್. ಸುರುಳಿ ಬಿಡಿಸಿ ನೆಟ್ಟಗೆ ಮಾಡುವ ಕಷ್ಟವೂ ಬೇಡ, ಸುತ್ತುಗಳು ಒಂದಕ್ಕೊಂದು ತಾಗದಂತೆ ಸ್ವಲ್ಪ ಎಳೆದು ರಟ್ಟಿಗೆ ಕಟ್ಟಿ. ಒಂದೇ ಕಾಯಿಲಿನಲ್ಲಿ ನಾಲ್ಕು ಕಿಟ್ಟಿಗೆ ಆಗಿ ಒಂದು ಉಳಿಯುತ್ತದೆ.

ಹಿಂದಿನಬೆಂಚು
ಉಳಿದಿದ್ದು ನನಗ ಕೊಡ್ರಿ, ನಮ್ಮ ಲ್ಯಾಬಿನ್ಯಾಗ ತುಂಡೂ ಇಲ್ಲ.